ಮೇಲ್ ಹೋಗ್ತಾ ಇಲ್ಲ ಅಂದ್ರೆ ಮೊದಲು ಬೌನ್ಸ್ ಓದಿ

(ಮಂಗಳೂರಲ್ಲಿ ಸಣ್ಣ ವ್ಯಾಪಾರಸ್ಥರು, ಕಾಲೇಜು ಮಕ್ಕಳು ಸೇರಿದ್ದ ಒಂದು ಸಭೆಯಲ್ಲಿ ಮಾತಾಡಿದ್ದು. ಮಾತಾಡಿದ ಹಾಗೇ ಬರ್ದಿದ್ದೇನೆ, ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಮೂರು ನಾಲ್ಕು ಸೇರಿಸಿದ್ದೇನೆ.)

ಎಲ್ರಿಗೂ ನಮಸ್ಕಾರ. ಈ ಮಳೆಯಲ್ಲಿ ಬಸ್ಸು ಹಿಡಿದು ಇಷ್ಟು ಜನ ಬಂದದ್ದು ನೋಡಿ ನಿಜವಾಗಿ ಖುಷಿ ಆಯ್ತು. ನಾನು ಇಲ್ಲಿಯ ಸಣ್ಣ ಸಣ್ಣ ಆಫೀಸುಗಳ ಮೇಲ್ ಸರ್ವರ್ ನೋಡಿಕೊಳ್ಳುವವ, ಭಾಷಣ ಮಾಡುದು ನನ್ನ ಕೆಲಸ ಅಲ್ಲ, ಹಾಗಾಗಿ ಒಂದು ಫೋನ್ ಕಾಲ್‌ನಿಂದ ಶುರು ಮಾಡ್ತೇನೆ.

ಬೈಕಂಪಾಡಿ ಕಡೆ ಗೇರುಬೀಜದ ಫ್ಯಾಕ್ಟರಿ ಇರುವ ಒಬ್ರು ಒಂದಿನ ಬೆಳಿಗ್ಗೆ ಏಳೂವರೆಗೆ ಫೋನ್ ಮಾಡಿದ್ರು. "ಮಾರಾಯ್ರೆ, ದುಬೈ ಪಾರ್ಟಿಗೆ ಕೊಟೇಶನ್ ಕಳಿಸಿ ನಾಲ್ಕು ದಿನ ಆಯ್ತು, ಅವ್ರು ಬರ್ಲೇ ಇಲ್ಲ ಅಂತಾರೆ, ನಮ್ಮ ಸೆಂಟ್ ಫೋಲ್ಡರಲ್ಲಿ ಉಂಟಲ್ಲ, ಮತ್ತೆ ಎಲ್ಲಿ ಹೋಯ್ತು?" ಅಂತ. ಸೆಂಟ್ ಫೋಲ್ಡರಲ್ಲಿ ಉಂಟು ಅಂದ್ರೆ ನಿಮ್ಮ ಸರ್ವರಿಗೆ ಕೊಟ್ಟಾಯ್ತು ಅಂತ ಅಷ್ಟೇ, ಆ ಕಡೆಯವರ ಕೈಗೆ ಸಿಕ್ಕಿತು ಅಂತ ಅಲ್ಲ, ಅಂಚೆ ಡಬ್ಬಿಗೆ ಕಾಗದ ಹಾಕಿದ ಹಾಗೆ. ನಾನು ಹೋಗಿ ಕೂತು ಆಫೀಸಿನ ಹುಡುಗಿ ಹತ್ರ ಕೇಳಿದೆ, ವಾಪಸ್ ಎಂತಾದ್ರೂ ಮೇಲ್ ಬಂದಿತ್ತಾ ಅಂತ. ಅವಳು ಹೇಳಿದ್ಳು, "ಮೇಲರ್ ಡೀಮನ್ ಅಂತ ಇಂಗ್ಲಿಷಲ್ಲಿ ಉದ್ದಕ್ಕೆ ಎಂತದೋ ಬರ್ತಾ ಇತ್ತು ಸರ್, ವೈರಸ್ ಇರ್ಬೇಕು ಅಂತ ಡಿಲೀಟ್ ಮಾಡಿದೆ." ಅವಳದ್ದು ತಪ್ಪು ಅಂತ ನಾನು ಹೇಳುದಿಲ್ಲ, ಗುರುತಿಲ್ಲದ ಮೇಲ್ ಮುಟ್ಬೇಡಿ ಅಂತ ನಾವೇ ಕಲಿಸಿದ್ದು. ಟ್ರ್ಯಾಶಿಗೆ ಹೋಗಿ ನೋಡಿದ್ರೆ ಹನ್ನೊಂದು ಬೌನ್ಸ್ ಉಂಟು, ಬೌನ್ಸ್ ಅಂದ್ರೆ ನಿಮ್ಮ ಮೇಲ್ ಮುಟ್ಟಲಿಲ್ಲ ಅಂತ ಈ ಮೇಲರ್ ಡೀಮನ್ ಹೆಸರಲ್ಲಿ ಸರ್ವರ್ ತಾನಾಗಿ ಕಳಿಸುವ ಮೇಲ್. ಎಲ್ಲದ್ರಲ್ಲೂ ಒಂದೇ ವಿಷಯ: 550, ನಿನ್ನ ಐಪಿ ಇಂಥ ಲಿಸ್ಟಲ್ಲಿ ಉಂಟು, ಅದಕ್ಕೆ ತೆಗೊಳ್ಳುದಿಲ್ಲ, ಯಾಕೆ ಅಂತ ನೋಡ್ಲಿಕ್ಕೆ ಈ ಲಿಂಕ್. ಐಪಿ ಅಂದ್ರೆ ನೆಟ್ಟಲ್ಲಿ ಸರ್ವರಿನ ನಂಬರ್ ಅಡ್ರೆಸ್, ಲಿಸ್ಟ್ ಅಂದ್ರೆ ಮೇಲ್ ತೆಗೊಳ್ಬಾರದ ಐಪಿಗಳ ಕಪ್ಪು ಪಟ್ಟಿ. ಕಾರಣ, ಲಿಸ್ಟಿನ ಹೆಸರು, ಹೋಗ್ಬೇಕಾದ ಜಾಗ, ಮೂರೂ ಬರ್ದು ಕಳಿಸಿದ್ದಾರೆ, ನಾಲ್ಕು ದಿನದಿಂದ ಅದು ಟ್ರ್ಯಾಶಲ್ಲಿ ಬಿದ್ದುಕೊಂಡಿತ್ತು.

ಇವತ್ತು ನೀವು ಬೇರೆ ಎಂತ ಮರೆತರೂ ಆಗ್ತದೆ, ಬೌನ್ಸ್ ಮೇಲ್ ಡಿಲೀಟ್ ಮಾಡ್ಬೇಡಿ. ಅದ್ರಲ್ಲಿ ಮೂರಂಕಿಯ ನಂಬರ್ ಇರ್ತದೆ. 5ರಿಂದ ಶುರು ಆದ್ರೆ ಇಲ್ಲ ಅಂತ ಖಡಾಖಂಡಿತ ಹೇಳಿದ್ದು. 4ರಿಂದ ಶುರು ಆದ್ರೆ ಈಗ ಬೇಡ, ಸ್ವಲ್ಪ ಹೊತ್ತು ಬಿಟ್ಟು ಬಾ ಅಂತ. ಈ 4 ಉಂಟಲ್ಲ, ಅದೇ ಹೆಚ್ಚು ಮೋಸ ಮಾಡುದು, ಯಾಕಂದ್ರೆ ನಿಮ್ಮ ಸರ್ವರ್ ಸುಮ್ಮನೆ ಕ್ಯೂನಲ್ಲಿ ಇಟ್ಕೊಂಡು ಮತ್ತೆ ಮತ್ತೆ ಪ್ರಯತ್ನ ಮಾಡ್ತಾ ಇರ್ತದೆ. ಪೋಸ್ಟ್‌ಫಿಕ್ಸ್ ಅಂತ ನಾವು ಹೆಚ್ಚಾಗಿ ಬಳಸುವ ಮೇಲ್ ಸಾಫ್ಟ್‌ವೇರಲ್ಲಿ ನೀವು ಏನೂ ಬದಲಾಯಿಸದಿದ್ರೆ ಐದು ದಿನ ಹೀಗೆ ಪ್ರಯತ್ನ ಮಾಡ್ತದೆ, ನಡುವೆ ತಡ ಆಗ್ತಾ ಉಂಟು ಅಂತ ಒಂದು ಮಾತೂ ಹೇಳುದಿಲ್ಲ, ಆ ಎಚ್ಚರಿಕೆಯ ಸೆಟ್ಟಿಂಗ್ ಮೊದಲಿಂದಲೇ ಆಫ್ ಇರ್ತದೆ. ಐದು ದಿನ ಕಳೆದ ಮೇಲೆ ಬೌನ್ಸ್ ಬರ್ತದೆ. ಅಷ್ಟೊತ್ತಿಗೆ ಟೆಂಡರ್ ಮುಗಿದಿರ್ತದೆ. ನಾನು ಯಾವ ಸರ್ವರ್ ಹಾಕಿದ್ರೂ ಮೊದಲು ಮಾಡುದು ಆ ಎಚ್ಚರಿಕೆಯನ್ನ ನಾಲ್ಕು ಗಂಟೆ ತಡ ಆದ್ರೆ ಬರುವ ಹಾಗೆ ಇಡುದು.

ಈಗ ಐಪಿಯ ಮೇಲೆ ಯಾಕೆ ಇಷ್ಟು ಕಣ್ಣು ಅಂತ ಕೇಳ್ಬಹುದು. ಮೇಲ್ ಕಳಿಸಿದ್ದು ಯಾರು ಅಂತ ಮೇಲಲ್ಲೇ ಬರ್ದಿರ್ತದಲ್ಲ, ಅದನ್ನ ನೋಡಿದ್ರೆ ಸಾಲದಾ? ಸಾಲದು. ಮೇಲ್ ಸಾಗಿಸುವ ಈ ಎಸ್‌ಎಂಟಿಪಿ ಪದ್ಧತಿಯನ್ನ ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟದ್ದು, ಆಗ ನೆಟ್‌ವರ್ಕಲ್ಲಿ ಇದ್ದವ್ರು ವಿಶ್ವವಿದ್ಯಾಲಯದವರು, ಸಂಶೋಧಕರು, ಹೆಚ್ಚುಕಮ್ಮಿ ಪರಸ್ಪರ ಗುರುತಿದ್ದವ್ರು. ಬಾಗಿಲಿಗೆ ಬಂದವ ನಾನು ಇಂಥವ ಅಂದ್ರೆ ನಂಬುದೇ ಕ್ರಮ. ಹಾಗಾಗಿ ಕಳಿಸಿದವರ ಹೆಸರು ಯಾರು ಬೇಕಾದ್ರೂ ಯಾರದ್ದು ಬೇಕಾದ್ರೂ ಹಾಕ್ಬಹುದು. ಆದ್ರೆ ಐಪಿ ಹಾಗಲ್ಲ. ಎರಡು ಕಂಪ್ಯೂಟರ್ ಕನೆಕ್ಷನ್ ಮಾಡಿ ಮಾತಾಡ್ಬೇಕಾದ್ರೆ ಈ ಕಡೆಯದ್ದು ಕೊಟ್ಟ ಉತ್ತರ ಆ ಕಡೆಗೆ ವಾಪಸ್ ಮುಟ್ಟಬೇಕು, ಸುಳ್ಳು ಐಪಿ ಕೊಟ್ರೆ ಉತ್ತರ ಬೇರೆಲ್ಲಿಗೋ ಹೋಗ್ತದೆ, ಮಾತು ಅಲ್ಲಿಗೇ ನಿಲ್ತದೆ. ಇಡೀ ಮೇಲಲ್ಲಿ ಬಂದವ ಸುಲಭಕ್ಕೆ ಸುಳ್ಳು ಹೇಳ್ಲಿಕ್ಕೆ ಆಗದ ಒಂದೇ ವಿಷಯ ಅಂದ್ರೆ ಅವ ಯಾವ ಐಪಿಯಿಂದ ಬಂದ ಅನ್ನುದು. ಅದಕ್ಕೇ ಎಲ್ರೂ ಅದನ್ನೇ ಹಿಡ್ಕೊಂಡದ್ದು.

ಸ್ಪ್ಯಾಮ್ ಅಂತೂ ಎಸ್‌ಎಂಟಿಪಿಗಿಂತಲೂ ಹಳತು. 1978ರ ಮೇ ತಿಂಗಳಲ್ಲಿ ಗ್ಯಾರಿ ಥುಯೆರ್ಕ್ ಅನ್ನುವವ್ರು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಹೊಸ ಕಂಪ್ಯೂಟರ್ ತೋರಿಸ್ತೇವೆ ಬನ್ನಿ ಅಂತ ಇಂಟರ್ನೆಟ್ಟಿನ ಮುಂಚಿನ ರೂಪ ಆದ ಅರ್ಪಾನೆಟ್ಟಿನ ಸುಮಾರು 400 ಜನಕ್ಕೆ ಒಟ್ಟಿಗೆ ಕಳಿಸಿದ್ರು, ಮೊದಲನೇ ಸ್ಪ್ಯಾಮ್ ಅಂತ ಅದನ್ನೇ ಹೇಳುದು. 1990ರ ದಶಕದಲ್ಲಿ ಇದು ತಡೆಯಲಿಕ್ಕಾಗದಷ್ಟು ಜಾಸ್ತಿ ಆದಾಗ ಪಾಲ್ ವಿಕ್ಸಿ ಅನ್ನುವವ್ರು 1997ರಲ್ಲಿ ಸ್ಪ್ಯಾಮ್ ಕಳಿಸುವ ಐಪಿಗಳದ್ದೊಂದು ಪಟ್ಟಿ ಮಾಡಿ ಬೇರೆಯವರಿಗೂ ಬಳಸ್ಲಿಕ್ಕೆ ಕೊಟ್ರು. ಅವರ ಸಂಸ್ಥೆಯ ಹೆಸರು ಮ್ಯಾಪ್ಸ್, ಇಂಗ್ಲಿಷಲ್ಲಿ ಅದರ ಅಕ್ಷರಗಳನ್ನ ಹಿಂದಿನಿಂದ ಓದಿದ್ರೆ ಸ್ಪ್ಯಾಮ್ ಅಂತ ಆಗ್ತದೆ. ಮರು ವರ್ಷ, 1998ರಲ್ಲಿ, ಲಂಡನ್ನಲ್ಲಿ ಸ್ಟೀವ್ ಲಿನ್‌ಫರ್ಡ್ ಸ್ಪ್ಯಾಮ್‌ಹೌಸ್ ಶುರು ಮಾಡಿದ್ರು, ಇವತ್ತು ಬೌನ್ಸಲ್ಲಿ ನಾನು ಹೆಚ್ಚು ಸಲ ನೋಡುದು ಅದೇ ಹೆಸರು.

ಈ ಲಿಸ್ಟು ಕೆಲಸ ಮಾಡುವ ರೀತಿ ಎಷ್ಟು ಸರಳ ಅಂದ್ರೆ ಮೊದಲ ಸಲ ಅರ್ಥ ಆದಾಗ ನಾನು ಅವತ್ತು ರಾತ್ರಿ ಮಲಗಲಿಲ್ಲ, ನನಗೆ ಗೊತ್ತಿದ್ದ ಐಪಿಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡ್ತಾ ಕೂತೆ. ನಾವು ವೆಬ್‌ಸೈಟಿನ ಹೆಸರಿಂದ ಐಪಿ ಹುಡುಕ್ಲಿಕ್ಕೆ ಬಳಸುವ ಡಿಎನ್‌ಎಸ್ ಉಂಟಲ್ಲ, ಅದೇ ದಾರಿ. ನಿಮ್ಮ ಐಪಿ 203.0.113.25 ಅಂತ ಇಟ್ಕೊಳ್ಳಿ. ಇದು ಯಾರದ್ದೂ ಅಲ್ಲ, ಉದಾಹರಣೆ ಕೊಡ್ಲಿಕ್ಕೆ ಅಂತಲೇ ತೆಗೆದಿಟ್ಟ ನಂಬರ್. ಮೇಲ್ ತೆಗೊಳ್ಳುವ ಸರ್ವರ್ ಇದನ್ನ ತಿರುಗಿಸಿ 25.113.0.203 ಅಂತ ಮಾಡ್ತದೆ, ಹಿಂದೆ ಲಿಸ್ಟಿನ ಹೆಸರು ಸೇರಿಸ್ತದೆ, ಸ್ಪ್ಯಾಮ್‌ಹೌಸಿನದ್ದಾದ್ರೆ ಜೆನ್ ಡಾಟ್ ಸ್ಪ್ಯಾಮ್‌ಹೌಸ್ ಡಾಟ್ ಓಆರ್‌ಜಿ, ಮತ್ತೆ ಈ ಹೆಸರು ಉಂಟಾ ಅಂತ ಕೇಳ್ತದೆ. ಯಾಕೆ ತಿರುಗಿಸುದು? ನಾವು ಅಡ್ರೆಸ್ ಬರೆಯುವಾಗ ಮನೆ ಹೆಸರು, ರೋಡು, ಮಂಗಳೂರು, ಕರ್ನಾಟಕ ಅಂತ ಸಣ್ಣದರಿಂದ ದೊಡ್ಡದಕ್ಕೆ ಹೋಗ್ತೇವಲ್ಲ, ಡಿಎನ್‌ಎಸ್ ಹೆಸರೂ ಹಾಗೆಯೇ, ಐಪಿ ಮಾತ್ರ ಕರ್ನಾಟಕದಿಂದ ಶುರು ಆಗಿ ಮನೆ ನಂಬರಿಗೆ ಬರ್ತದೆ, ಹಾಗಾಗಿ ಎರಡನ್ನ ಹೊಂದಿಸ್ಲಿಕ್ಕೆ ಉಲ್ಟಾ ಮಾಡುದು. ಅಂಥ ಹೆಸರೇ ಇಲ್ಲ ಅಂತ ಉತ್ತರ ಬಂದ್ರೆ ನೀವು ಲಿಸ್ಟಲ್ಲಿ ಇಲ್ಲ. 127ರಿಂದ ಶುರು ಆಗುವ ಉತ್ತರ ಬಂದ್ರೆ ಇದ್ದೀರಿ, ಮತ್ತೆ ಕೊನೆಯ ನಂಬರ್ ನೋಡಿದ್ರೆ ಯಾಕೆ ಅಂತಲೂ ಗೊತ್ತಾಗ್ತದೆ. 127.0.0.2 ಬಂದ್ರೆ ಸ್ಪ್ಯಾಮ್ ಕಳಿಸುವ ಐಪಿ ಅಂತ ಎಸ್‌ಬಿಎಲ್ ಪಟ್ಟಿಗೆ ಸೇರಿಸಿದ್ದಾರೆ ಅಂತ. 3 ಬಂದ್ರೆ ಕಳಿಸುವ ರೀತಿ ಸರಿ ಇಲ್ಲ ಅಂತ ಆಟೊಮ್ಯಾಟಿಕ್ ಆಗಿ ಹಿಡಿದದ್ದು. 4 ಬಂದ್ರೆ ಆ ಐಪಿ ಹಿಂದೆ ವೈರಸ್ ಬಿದ್ದ, ಇಲ್ಲ ಹ್ಯಾಕ್ ಆದ ಮೆಷಿನ್ ಉಂಟು ಅಂತ. 10 ಇಲ್ಲವೇ 11 ಬಂದ್ರೆ ಗಾಬರಿ ಬೇಡ, ಅದು ಮನೆ ಬ್ರಾಡ್‌ಬ್ಯಾಂಡಿನ ಥರದ ಐಪಿ, ಅಲ್ಲಿಂದ ನೇರ ಮೇಲ್ ಕಳಿಸ್ಬಾರದು ಅನ್ನುವ ನಿಯಮ ಅಷ್ಟೇ, ನೀವು ತಪ್ಪು ಮಾಡಿದ್ದು ಅಂತ ಅಲ್ಲ. ಇಲ್ಲಿ ಕೂತ ಕಾಲೇಜು ಮಕ್ಕಳು ಮನೆಯಲ್ಲಿ ಹಳೇ ಲ್ಯಾಪ್‌ಟಾಪಲ್ಲಿ ಮೇಲ್ ಸರ್ವರ್ ಹಾಕಿ ನೋಡಿದ್ರೆ ಈ 10, 11 ನಿಮಗೆ ಸಿಕ್ಕೇ ಸಿಗ್ತದೆ.

ಗೇರುಬೀಜದವರಿಗೆ ಸಿಕ್ಕಿದ್ದು 4.

ಈಗ ನೋಡಿ, ಅವರ ಮೇಲ್ ಇದ್ದದ್ದು ಶೇರ್ಡ್ ಹೋಸ್ಟಿಂಗಲ್ಲಿ, ವರ್ಷಕ್ಕೆ ಇಷ್ಟು ಅಂತ ಕೊಟ್ಟು ವೆಬ್‌ಸೈಟು ಮೇಲು ಎಲ್ಲ ಒಂದೇ ಕಡೆ ಸಿಗ್ತದಲ್ಲ, ಅದು. ಅಂಥ ಒಂದು ಸರ್ವರಲ್ಲಿ, ಒಂದೇ ಐಪಿಯ ಹಿಂದೆ, ನೂರಾರು ಬೇರೆ ಬೇರೆಯವರ ಸೈಟ್ ಇರ್ತದೆ. ಅದ್ರಲ್ಲಿ ಯಾರೋ ಒಬ್ರು ಮೂರು ವರ್ಷದಿಂದ ವರ್ಡ್‌ಪ್ರೆಸ್ ಅಪ್‌ಡೇಟ್ ಮಾಡ್ಲಿಲ್ಲ, ಹಳೇ ಪ್ಲಗಿನ್ನಿನ ತೂತಿನಿಂದ ಒಬ್ಬ ಒಳಗೆ ಬಂದ, ಒಂದು ಸಣ್ಣ ಪಿಎಚ್‌ಪಿ ಫೈಲ್ ಇಟ್ಟ, ರಾತ್ರಿಯಿಡೀ ಅದು ಮೇಲ್ ಕಳಿಸಿತು. ಇವ್ರು ಒಂದು ತಪ್ಪೂ ಮಾಡಿಲ್ಲ. ಆದ್ರೆ ಐಪಿ ಒಂದೇ ಅಲ್ವಾ, ಹೊರಗಿನವರಿಗೆ ಕಾಣುದು ಐಪಿ ಮಾತ್ರ. ಇವ್ರು ನನ್ನ ಹತ್ರ ಕೇಳಿದ ಪ್ರಶ್ನೆ ನನಗೆ ಈಗ್ಲೂ ನೆನಪುಂಟು, "ಪಕ್ಕದ ಮನೆಯವ ಮಾಡಿದ್ದಕ್ಕೆ ನನ್ನ ಮನೆಗೆ ಯಾಕೆ ಬೀಗ?" ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಸಮಾಧಾನ ಆಗುವ ಉತ್ತರ ಇಲ್ಲ. ಲಿಸ್ಟಿನವರ ಕಡೆಯಿಂದ ನೋಡಿದ್ರೆ ಆ ಹೊತ್ತಿಗೆ ಆ ಐಪಿಯಿಂದ ಲಕ್ಷಗಟ್ಟಲೆ ಜನರಿಗೆ ಕಸ ಹೋಗ್ತಾ ಉಂಟು, ಅದ್ರಲ್ಲಿ ಬ್ಯಾಂಕಿನ ಹೆಸರಲ್ಲಿ ದುಡ್ಡು ಹೊಡೆಯುವ ಮೇಲೂ ಉಂಟು, ಅದನ್ನ ನಿಲ್ಲಿಸುದು ಸರಿಯೇ. ಎರಡೂ ಸತ್ಯ.

ಸ್ವಂತ ಸರ್ವರ್ ತೆಗೊಂಡ್ರೂ ಬಚಾವ್ ಅಂತ ಅಲ್ಲ. ಹಳೇ ಮಾದರಿಯ ಐಪಿ ಒಟ್ಟು ಇರುದೇ 430 ಕೋಟಿಯಷ್ಟು, ಹಂಚುವ ಮೂಲ ಸಂಸ್ಥೆಯ ಹತ್ರ ಇದ್ದ ಕೊನೆಯ ದೊಡ್ಡ ಕಂತುಗಳು 2011ರ ಫೆಬ್ರವರಿಯಲ್ಲೇ ಮುಗಿದವು. ಅಲ್ಲಿಂದ ಈಚೆಗೆ ಹೊಸ ಐಪಿ ಅಂತ ನಿಮಗೆ ಸಿಗುದು ಹೆಚ್ಚಾಗಿ ಬೇರೆ ಯಾರೋ ಬಳಸಿ ಬಿಟ್ಟದ್ದು. ಬಾಡಿಗೆ ಮನೆಗೆ ಹೋದಾಗ ಹಿಂದೆ ಇದ್ದವ್ರು ಹತ್ತಿರದ ಅಂಗಡಿಯಲ್ಲಿ ಸಾಲ ಇಟ್ಟು ಹೋಗಿದ್ರೆ, ಆ ಅಂಗಡಿಯವ್ರು ನಮ್ಮನ್ನೂ ಸ್ವಲ್ಪ ದಿನ ಓರೆ ಕಣ್ಣಲ್ಲೇ ನೋಡ್ತಾರಲ್ಲ, ಹಾಗೆ.

ಮತ್ತೆ ನಮ್ಮದೇ ತಪ್ಪಿಂದ ಲಿಸ್ಟಿಗೆ ಬೀಳುದು ಉಂಟಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನಾನು ನೋಡಿದ ಹತ್ತರಲ್ಲಿ ಆರೇಳು ಅದೇ. ಉಡುಪಿಯಲ್ಲಿ ಒಂದು ಸಂಸ್ಥೆ, ಅಕೌಂಟ್ಸ್ ವಿಭಾಗದವರ ಪಾಸ್‌ವರ್ಡ್ ಅಂದ್ರೆ ಸಂಸ್ಥೆಯ ಹೆಸರು ಮತ್ತೆ 123. ಶನಿವಾರ ರಾತ್ರಿ ಯಾರೋ ಅದನ್ನ ಊಹೆ ಮಾಡಿ ಲಾಗಿನ್ ಆಗಿ, ಸಂಸ್ಥೆಯ ಸರ್ವರಿಂದಲೇ, ಸಂಸ್ಥೆಯ ಸಹಿಯೊಟ್ಟಿಗೇ ಸ್ಪ್ಯಾಮ್ ಕಳಿಸಿದ್ದಾರೆ. ಸೋಮವಾರ ಬೆಳಿಗ್ಗೆ ನಾನು ನೋಡುವಾಗ ಕ್ಯೂನಲ್ಲಿ ಸಾವಿರಗಟ್ಟಲೆ ಮೇಲ್ ಕೂತಿತ್ತು. ಅವ್ರು ಆಗ್ಲೇ ಡೀಲಿಸ್ಟ್ ಮಾಡಿ, ಅಂದ್ರೆ ನಮ್ಮನ್ನ ಲಿಸ್ಟಿಂದ ತೆಗೀರಿ, ಅಂತ ಲಿಸ್ಟಿನವರ ಪೇಜಲ್ಲಿ ಎರಡು ಸಲ ಒತ್ತಿಯಾಗಿತ್ತು, ಎರಡು ಸಲವೂ ತೆಗೆದಿದ್ರು, ಎರಡು ಸಲವೂ ಒಂದು ಗಂಟೆಯೊಳಗೆ ವಾಪಸ್ ಬಿದ್ದಿತ್ತು. ಬೀಳದೆ ಮತ್ತೆಂತ, ಕ್ಯೂನಲ್ಲಿ ಇದ್ದದ್ದು ಇನ್ನೂ ಹೋಗ್ತಾನೇ ಇತ್ತು. ಹಂಚು ಒಡೆದು ನೀರು ಸೋರುವಾಗ ನೆಲ ಒರೆಸ್ತಾ ಕೂತ್ರೆ ಮುಗೀತದಾ? ಮಾಡಿಗೆ ಹತ್ತಿ ಯಾವ ಹಂಚು ಅಂತ ನೋಡ್ಬೇಕು. ಮೊದಲು ಆ ಅಕೌಂಟ್ ಮುಚ್ಚಿ, ಪಾಸ್‌ವರ್ಡ್ ಬದಲಿಸಿ, ಕ್ಯೂ ಖಾಲಿ ಮಾಡಿ, ಒಂದು ಅಕೌಂಟಿಂದ ಗಂಟೆಗೆ ಇಷ್ಟೇ ಮೇಲ್ ಅಂತ ಮಿತಿ ಹಾಕಿ, ಮತ್ತೆ ಡೀಲಿಸ್ಟಿಗೆ ಹೋಗುದು. ಮತ್ತೆ ಮತ್ತೆ ತೆಗೆಸಿ ಮತ್ತೆ ಮತ್ತೆ ಬಿದ್ರೆ ಮುಂದಿನ ಸಲ ಬಿಡಿಸ್ಲಿಕ್ಕೆ ಕಷ್ಟ ಆಗ್ತದೆ.

ಇನ್ನೊಂದು, ಆಫೀಸಲ್ಲಿ ಹತ್ತು ಕಂಪ್ಯೂಟರ್, ಹೊರಗೆ ಹೋಗ್ಲಿಕ್ಕೆ ಒಂದೇ ಐಪಿ, ಅದೇ ಐಪಿಯಲ್ಲಿ ಮೇಲ್ ಸರ್ವರ್. ರಿಸೆಪ್ಷನ್ ಪಿಸಿಗೆ ವೈರಸ್ ಬಿದ್ರೆ ಅದು ಮೇಲ್ ಸರ್ವರನ್ನ ಕೇಳುದೇ ಇಲ್ಲ, ನೇರ ಪೋರ್ಟ್ 25ರಲ್ಲಿ, ಅಂದ್ರೆ ಸರ್ವರಿಂದ ಸರ್ವರಿಗೆ ಮೇಲ್ ಹೋಗುವ ಬಾಗಿಲಲ್ಲಿ, ಹೊರಗೆ ಸ್ಪ್ಯಾಮ್ ಕಳಿಸ್ತದೆ, ನೀವು ಮೇಲ್ ಸರ್ವರಿನ ಲಾಗಲ್ಲಿ ಎಷ್ಟು ಹುಡುಕಿದ್ರೂ ಏನೂ ಸಿಗುದಿಲ್ಲ. ನಾನು ಒಂದು ಕಡೆ ಎರಡು ದಿನ ಹೀಗೆ ಹುಡುಕಿದ್ದೇನೆ. ಫೈರ್‌ವಾಲಲ್ಲಿ ಒಂದು ಸಾಲು, ಮೇಲ್ ಸರ್ವರ್ ಒಂದನ್ನ ಬಿಟ್ಟು ಬೇರೆ ಯಾರೂ 25ರಲ್ಲಿ ಹೊರಗೆ ಹೋಗ್ಬಾರದು, ಅಷ್ಟು ಹಾಕಿದ್ರೆ ಈ ದಾರಿ ಬಂದ್. ಸ್ಟಾಫಿನವ್ರು ಔಟ್‌ಲುಕ್ಕಿಂದ ಕಳಿಸುದು 587 ಇಲ್ಲ 465ರಲ್ಲಿ, ಅವರಿಗೆ ಇದ್ರಿಂದ ಏನೂ ತೊಂದರೆ ಇಲ್ಲ.

ಫಾರ್ವರ್ಡಿಂಗ್ ವಿಷಯ ಹೇಳದೆ ಬಿಡ್ಲಿಕ್ಕಾಗುದಿಲ್ಲ. ನಮ್ಮ ಊರಲ್ಲಿ ಹೆಚ್ಚಿನ ಸಣ್ಣ ಆಫೀಸುಗಳಲ್ಲಿ ಕಂಪನಿಯ ಇನ್ಫೋ ಅಡ್ರೆಸ್ಸಿಗೆ ಬಂದದ್ದೆಲ್ಲ ಯಜಮಾನ್ರ ಜಿಮೇಲಿಗೆ ಫಾರ್ವರ್ಡ್ ಆಗ್ತದೆ. ಒಳ್ಳೆ ಮೇಲ್ ಜೊತೆ ಸ್ಪ್ಯಾಮೂ ಹೋಗ್ತದಲ್ಲ, ಜಿಮೇಲಿಗೆ ಕಾಣುದು ಆ ಸ್ಪ್ಯಾಮನ್ನ ನಿಮ್ಮ ಐಪಿ ತಂದು ಕೊಟ್ಟದ್ದು ಅಂತ, ಯಜಮಾನ್ರೇ ಅದನ್ನ ಸ್ಪ್ಯಾಮ್ ಅಂತ ಒತ್ತಿದ್ರೆ ಅವರ ಸ್ವಂತ ಸರ್ವರ್ ಮೇಲೆ ಅವರೇ ದೂರು ಕೊಟ್ಟ ಹಾಗೆ. ಹಾಗಾಗಿ ಫಾರ್ವರ್ಡ್ ತೆಗೆದು, ಆ ಮೇಲ್‌ಬಾಕ್ಸನ್ನೇ ಫೋನಲ್ಲಿ ಎರಡನೇ ಅಕೌಂಟ್ ಆಗಿ ಹಾಕಿ ಕೊಡಿ. ಹತ್ತು ನಿಮಿಷದ ಕೆಲಸ.

ಮತ್ತೆ ಡೇಟಾಬೇಸ್ ಖರೀದಿ. ಪೆನ್‌ಡ್ರೈವಲ್ಲಿ ಇಷ್ಟು ಸಾವಿರ ಅಡ್ರೆಸ್ ಅಂತ ಮಾರ್ತಾರಲ್ಲ, ದಯವಿಟ್ಟು ಬೇಡ. ಆ ಅಡ್ರೆಸ್ಸುಗಳಲ್ಲಿ ಸ್ಪ್ಯಾಮ್ ಟ್ರ್ಯಾಪ್ ಇರ್ತದೆ. ಯಾವ ಮನುಷ್ಯನೂ ಬಳಸದ, ಯಾವ ಫಾರ್ಮಲ್ಲೂ ಯಾರೂ ತುಂಬಿಸದ ಅಡ್ರೆಸ್, ಅಥವಾ ವರ್ಷಗಟ್ಟಲೆ ಸತ್ತು ಮತ್ತೆ ಬಲೆಗೆ ಅಂತಲೇ ಎಬ್ಬಿಸಿದ ಅಡ್ರೆಸ್. ಅದಕ್ಕೆ ಮೇಲ್ ಬಂತು ಅಂದ್ರೆ ಕಳಿಸಿದವ ಅನುಮತಿ ಕೇಳ್ಲಿಲ್ಲ ಅನ್ನುದಕ್ಕೆ ಬೇರೆ ಸಾಕ್ಷಿ ಬೇಡ. ಮಲ್ಪೆಯಲ್ಲಿ ಬಲೆ ಹಾಕಿದವನಿಗೆ ಮೀನು ಬರುದು ಮುಂಚೆ ಕಾಣುದಿಲ್ಲ, ಇಲ್ಲಿ ಮೀನಿಗೆ ಬಲೆ ಕಾಣುದಿಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಡೀಲಿಸ್ಟ್. ಒಂದೊಂದು ಲಿಸ್ಟಿನದ್ದು ಒಂದೊಂದು ಕ್ರಮ. ಸ್ಪ್ಯಾಮ್‌ಕಾಪ್ ಆದ್ರೆ ದೂರು ನಿಂತು 24 ಗಂಟೆ ಆದ ಮೇಲೆ ತಾನಾಗಿ ಹೋಗ್ತದೆ, ಸುಮ್ಮನೆ ಕಾಯಿರಿ. ಸ್ಪ್ಯಾಮ್‌ಹೌಸಲ್ಲಿ ಅವರ ಪೇಜಿಗೆ ಹೋಗಿ ಕೇಳ್ಬೇಕು, ಎಸ್‌ಬಿಎಲ್ ಆದ್ರೆ ನೀವು ಕೇಳಿ ಆಗುದಿಲ್ಲ, ಐಪಿ ಯಾರದ್ದೋ ಆ ಹೋಸ್ಟಿಂಗಿನವರೇ ಕೇಳ್ಬೇಕು, ದುಡ್ಡು ಮಾತ್ರ ಅವ್ರು ಯಾವತ್ತೂ ತೆಗೊಳ್ಳುದಿಲ್ಲ. ಸ್ಪ್ಯಾಮ್‌ಹೌಸಿಂದ ತೆಗೆಸಿಕೊಡ್ತೇನೆ ಇಷ್ಟು ಕೊಡಿ ಅಂತ ಯಾರಾದ್ರೂ ಹೇಳಿದ್ರೆ ಅದು ಮೋಸ. ಯುಸಿಇ ಪ್ರೊಟೆಕ್ಟ್ ಅಂತ ಒಂದುಂಟು, ಅದ್ರಲ್ಲಿ ಒಂದನೇ ಹಂತ ಏಳು ದಿನದಲ್ಲಿ ತಾನಾಗಿ ಹೋಗ್ತದೆ, ಬೇಗ ಬೇಕಾದ್ರೆ ದುಡ್ಡು ಕೊಡಿ ಅಂತಾರೆ, ಎರಡು ಮೂರನೇ ಹಂತದಲ್ಲಿ ಇಡೀ ಐಪಿ ಸಾಲನ್ನೇ, ಇಡೀ ಹೋಸ್ಟಿಂಗ್ ಕಂಪನಿಯ ನೆಟ್‌ವರ್ಕನ್ನೇ ಸೇರಿಸ್ತಾರೆ. ನಾನು ನನ್ನ ಕ್ಲೈಂಟುಗಳಿಗೆ ಹೇಳುದು ದುಡ್ಡು ಕೊಡ್ಬೇಡಿ ಅಂತ, ದುಡ್ಡು ಕೊಟ್ರೆ ಹೋಗುವ ಕಳಂಕ ಅಂದ್ರೆ ಅದ್ರ ಮೇಲೆ ನನಗೆ ಗೌರವ ಇಲ್ಲ. ಅರ್ಜಿ ಬರೆಯುವಾಗ ಕಷ್ಟ ಸುಖ ಬೇಡ. ಇಂಥ ದಿನ ಇಂಥ ಅಕೌಂಟ್ ಹ್ಯಾಕ್ ಆಯ್ತು, ಇಷ್ಟು ಗಂಟೆಗೆ ಮುಚ್ಚಿದೆವು, ಇಂಥ ಮಿತಿ ಹಾಕಿದ್ದೇವೆ, ಮೂರು ಸಾಲು ಸಾಕು. ಆ ಕಡೆ ಓದುವವರಿಗೆ ಬೇಕಾದ್ದು ಅಷ್ಟೇ.

ಲಿಸ್ಟಿನವರನ್ನ ಬೈಯುವವ್ರು ತುಂಬಾ ಜನ ಇದ್ದಾರೆ, ನಾನು ಅಷ್ಟು ಬೈಯುದಿಲ್ಲ. ಅವ್ರು ಕಾರಣ ಹೇಳ್ತಾರೆ, ಬಾಗಿಲು ಇಟ್ಟಿದ್ದಾರೆ. 2013ರ ಮಾರ್ಚಲ್ಲಿ ಸ್ಪ್ಯಾಮ್‌ಹೌಸ್ ಮೇಲೆ ಸೆಕೆಂಡಿಗೆ 300 ಗಿಗಾಬಿಟ್ ಮಟ್ಟದ ದಾಳಿ ಆಯ್ತು, ಅವತ್ತಿಗೆ ಅಷ್ಟು ದೊಡ್ಡದು ಯಾರೂ ಕಂಡಿರ್ಲಿಲ್ಲ, ಯಾರ ಹೊಟ್ಟೆಪಾಡಿಗೆ ಇವ್ರು ಅಡ್ಡ ಬಂದಿದ್ದಾರೆ ಅಂತ ಅದ್ರಲ್ಲೇ ಗೊತ್ತಾಗ್ತದೆ. ನನಗೆ ನಿಜವಾಗಿ ನೋವು ಕೊಡುದು ದೊಡ್ಡ ಮೇಲ್ ಕಂಪನಿಗಳ ಒಳಗಿನ ಲೆಕ್ಕ. ನಿಮ್ಮ ಐಪಿ ಹೊರಗಿನ ಯಾವ ಲಿಸ್ಟಲ್ಲೂ ಇಲ್ಲ, ಅವರ ಸರ್ವರ್ 250, ಅಂದ್ರೆ ಸರಿ ತೆಗೊಂಡೆ, ಅಂತ ಹೇಳಿ ಮೇಲ್ ತೆಗೊಂಡಿದೆ, ಬೌನ್ಸ್ ಇಲ್ಲ, ಆದ್ರೂ ಅದು ಸ್ಪ್ಯಾಮ್ ಫೋಲ್ಡರಿಗೆ ಹೋಗಿದೆ, ಆ ಕಡೆಯವ್ರು ಅದನ್ನ ತೆರೆದು ನೋಡುದೇ ಇಲ್ಲ. ಒಬ್ರು ಡಾಕ್ಟ್ರ ಕ್ಲಿನಿಕ್ಕಿನ ಲ್ಯಾಬ್ ರಿಪೋರ್ಟ್ ಹೀಗೆ ಮೂರು ವಾರ ಪೇಷಂಟುಗಳ ಸ್ಪ್ಯಾಮ್ ಫೋಲ್ಡರಲ್ಲಿ ಬಿದ್ದದ್ದು ನಾನು ನೋಡಿದ್ದೇನೆ. ಯಾರ ಹತ್ರ ಕೇಳುದು? ಕೇಳಿದ್ರೂ ಮಿಷನ್ ಬರೆದ ಉತ್ತರ. ಬೇಡ ಅಂದ್ರೆ ಬೇಡ ಅಂತ ಬಾಗಿಲಲ್ಲೇ ಹೇಳಿ, ಅದು ಕಳಿಸಿದವನಿಗೆ ಕೊಡುವ ಮರ್ಯಾದೆ.

ಆದ್ರೂ ನಮ್ಮ ಕೈಯಲ್ಲಿ ಇರುದನ್ನ ಮಾಡ್ಬೇಕು. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಇಬ್ರೂ ನಿಯಮ ಗಟ್ಟಿ ಮಾಡಿದ್ರು, 2025ರ ಮೇಯಿಂದ ಮೈಕ್ರೋಸಾಫ್ಟೂ ಅದೇ ದಾರಿಗೆ ಬಂತು. ಎಸ್‌ಪಿಎಫ್ ಅಂದ್ರೆ ನನ್ನ ಹೆಸರಲ್ಲಿ ಮೇಲ್ ಕಳಿಸ್ಲಿಕ್ಕೆ ಈ ಐಪಿಗಳಿಗೆ ಮಾತ್ರ ಒಪ್ಪಿಗೆ ಉಂಟು ಅಂತ ಹೇಳುದು, ಡಿಕಿಮ್ ಅಂದ್ರೆ ಮೇಲಿಗೆ ಹಾಕುವ ಸೀಲು, ಡಿಮಾರ್ಕ್ ಅಂದ್ರೆ ಈ ಎರಡೂ ತಪ್ಪಿದ್ರೆ ಎಂತ ಮಾಡ್ಬೇಕು ಅಂತ ಹೇಳುದು. ಜಿಮೇಲಿಗೆ ದಿನಕ್ಕೆ 5000 ಕಳಿಸುವವರಿಗೆ ಮೂರೂ ಬೇಕು, ಕಡಿಮೆ ಕಳಿಸುವವ್ರು ಕೂಡ ಮೂರೂ ಹಾಕುದೇ ಒಳ್ಳೆದು. ಸ್ಪ್ಯಾಮ್ ಅಂತ ಒತ್ತುವವ್ರು ಶೇಕಡಾ 0.3 ಮುಟ್ಟಬಾರದು ಅಂತಾರೆ, ಸಾವಿರ ಜನಕ್ಕೆ ಕಳಿಸಿದ್ರೆ ಮೂರು ಜನ ಒತ್ತಿದ್ರೆ ಆಯ್ತು, ಅಷ್ಟು ಸಣ್ಣ ಲೆಕ್ಕ. ಮತ್ತೆ ಪಿಟಿಆರ್, ಐಪಿಯಿಂದ ಹೆಸರು ಹುಡುಕಿದ್ರೆ ನಿಮ್ಮ ಸರ್ವರ್ ಹೆಸರು ಬರ್ಬೇಕು, ಆ ಹೆಸರಿಂದ ಹುಡುಕಿದ್ರೆ ಅದೇ ಐಪಿ ವಾಪಸ್ ಬರ್ಬೇಕು. ಇದನ್ನ ಡೊಮೈನ್ ತೆಗೊಂಡ ಕಡೆ ಹುಡುಕಿ ಹುಡುಕಿ ಸುಸ್ತಾಗುವವ್ರು ತುಂಬಾ ಜನ. ಅದು ಅಲ್ಲಿ ಇರುದಿಲ್ಲ, ಐಪಿ ಕೊಟ್ಟವರ ಹತ್ರ ಕೇಳ್ಬೇಕು. ಸರ್ವರಿಗೆ ಐಪಿವಿ6, ಅಂದ್ರೆ ಹೊಸ ಮಾದರಿಯ ಐಪಿ, ಇದ್ರೆ ಅದಕ್ಕೂ ಪಿಟಿಆರ್ ಬೇಕು, ಇಲ್ಲದಿದ್ರೆ ಹಳೇ ಮಾದರಿಯ ಐಪಿವಿ4 ಎಲ್ಲ ಸರಿ ಇದ್ದೂ ಜಿಮೇಲಿಂದ ಬೌನ್ಸ್ ಬರ್ತಾ ಇರ್ತದೆ, ಕಾರಣ ಹುಡುಕ್ಲಿಕ್ಕೆ ಒಂದು ವಾರ ಹೋಗ್ತದೆ.

ಇಷ್ಟಕ್ಕೆ ನಾನು ನಿಲ್ಲಿಸಿದೆ, ಮತ್ತೆ ಪ್ರಶ್ನೆ ಶುರು ಆಯ್ತು.

ಹಿಂದೆ ಕೂತಿದ್ದ ಒಬ್ರು ಕೇಳಿದ್ರು, "ಇಷ್ಟು ತಲೆಬಿಸಿ ಯಾಕೆ, ಐಪಿಯನ್ನೇ ಬದಲಿಸಿದ್ರೆ ಆಗುದಿಲ್ವಾ?" ಬದಲಿಸ್ಬಹುದು, ಆದ್ರೆ ಸೋರುವ ಹಂಚು ಹಾಗೇ ಇದ್ರೆ ಹೊಸ ಐಪಿಯೂ ಎರಡು ದಿನದಲ್ಲಿ ಹಾಳು. ಎಲ್ಲ ಸರಿ ಮಾಡಿ ಬದಲಿಸಿದ್ರೂ ಮೊದಲ ದಿನವೇ ಸಾವಿರ ಮೇಲ್ ಬಿಡ್ಬಾರದು, ಯಾರೂ ಕಂಡಿರದ ಐಪಿಯಿಂದ ಒಮ್ಮೆಲೇ ರಾಶಿ ಬಂದ್ರೆ ಅದೇ ಸಂಶಯ. ಮೊದಲು ದಿನಕ್ಕೆ ಮೂವತ್ತು ನಲ್ವತ್ತು, ಅದೂ ಉತ್ತರ ಕೊಡುವ ಗುರುತಿನವರಿಗೆ, ನಿಧಾನಕ್ಕೆ ಏರಿಸಿ.

ಒಬ್ರು ಕಾಲೇಜಿನ ಸಿಸ್ಟಂ ನೋಡಿಕೊಳ್ಳುವವ್ರು ಹೇಳಿದ್ರು, ತಮಗೆ ಸಮಸ್ಯೆ ಉಲ್ಟಾ, ಮೇಲ್ ಹೋಗ್ತದೆ, ಹೊರಗಿಂದ ಬರುದೆಲ್ಲ ಇದ್ದಕ್ಕಿದ್ದ ಹಾಗೆ ರಿಜೆಕ್ಟ್ ಆಗ್ತಾ ಉಂಟು ಅಂತ. ನಾನು ಕೇಳಿದ ಒಂದೇ ಪ್ರಶ್ನೆ, "ನಿನ್ನೆ ಮೊನ್ನೆ ಡಿಎನ್‌ಎಸ್ 8.8.8.8ಕ್ಕೆ ಬದಲಿಸಿದ್ರಾ?" ಹೌದು ಅಂದ್ರು. 8.8.8.8 ಅಂದ್ರೆ ಗೂಗಲಿನ ಡಿಎನ್‌ಎಸ್, ಎಲ್ರೂ ಬಳಸುವ ಅಂಥ ಡಿಎನ್‌ಎಸ್ ಮೂಲಕ ಕೇಳಿದ್ರೆ ಸ್ಪ್ಯಾಮ್‌ಹೌಸ್ 127.255.255.254 ಅಂತ ಉತ್ತರ ಕೊಡ್ತದೆ, ಹೀಗೆ ಕೇಳ್ಬೇಡಿ ಅನ್ನುದು ಅದ್ರ ಅರ್ಥ. ಸರ್ವರಿಗೆ ಅದು ಗೊತ್ತಿಲ್ಲ, 127 ಕಂಡ ಕೂಡಲೇ ಲಿಸ್ಟಲ್ಲಿ ಉಂಟು ಅಂತ ತಿಳ್ಕೊಂಡು ಬಂದವರನ್ನೆಲ್ಲ ವಾಪಸ್ ಕಳಿಸಿದೆ. ಸರ್ವರಲ್ಲೇ ಸ್ವಂತ ರಿಸಾಲ್ವರ್, ಅಂದ್ರೆ ಡಿಎನ್‌ಎಸ್ ಉತ್ತರ ಹುಡುಕಿ ತರುವ ಸಾಫ್ಟ್‌ವೇರ್, ಹಾಕಿ ಅಂದೆ. ಮತ್ತೆ ಹಾಗೇ ಹಳೇ ಲಿಸ್ಟುಗಳ ಹೆಸರು ಕಾನ್ಫಿಗಲ್ಲಿ ಉಳಿದಿದ್ರೆ ತೆಗೀರಿ, ಸೋರ್ಬ್ಸ್ ಅಂತ ವರ್ಷಗಟ್ಟಲೆ ಇದ್ದ ಲಿಸ್ಟು 2024ರ ಜೂನಲ್ಲಿ ಮುಚ್ಚಿತು, ಇವತ್ತಿಗೂ ಅದನ್ನ ಕೇಳ್ತಾ ಇರುವ ಸರ್ವರ್ ಉಂಟು.

ಮುಂದಿನ ಸಾಲಲ್ಲಿದ್ದ ಇಂಜಿನಿಯರಿಂಗ್ ಹುಡುಗಿ ಒಬ್ಳು ಕೇಳಿದ್ಳು, ಇಷ್ಟು ಕಷ್ಟ ಇದ್ರೆ ಸ್ವಂತ ಸರ್ವರ್ ಯಾಕೆ ಇಡ್ಬೇಕು ಸರ್, ದೊಡ್ಡವರಿಗೇ ಕೊಟ್ಟುಬಿಟ್ರೆ ಆಗ್ತದಲ್ಲ ಅಂತ. ವ್ಯಾಪಾರದವರಿಗೆ ನಾನು ಹೆಚ್ಚಾಗಿ ಅದನ್ನೇ ಹೇಳುದು, ದುಡ್ಡು ಕೊಟ್ಟು ಒಳ್ಳೆ ಸರ್ವಿಸ್ ತೆಗೊಳ್ಳಿ, ನಿಮ್ಮ ಕೆಲಸ ಗೇರುಬೀಜ ಮಾರುದು. ಆದ್ರೆ ನಿನ್ನಂಥವ್ರು ಇಡ್ಬೇಕು. ಯಾರು ಬೇಕಾದ್ರೂ ಒಂದು ಸರ್ವರ್ ಇಟ್ಟು ಜಗತ್ತಿನ ಯಾರಿಗೆ ಬೇಕಾದ್ರೂ ಬರೆಯಬಹುದಾದ ವ್ಯವಸ್ಥೆ ಇದು, ಅದನ್ನ ನಡೆಸ್ಲಿಕ್ಕೆ ಗೊತ್ತಿರುವವ್ರು ನಮ್ಮ ಊರಲ್ಲೂ ಉಳೀಬೇಕು. ಸರ್ವರ್ ತೆಗೊಂಡ ಕೂಡಲೇ, ಬೇರೇನೂ ಹಾಕುವ ಮೊದಲು, ಐಪಿ ಲಿಸ್ಟಲ್ಲಿ ಉಂಟಾ ಅಂತ ನೋಡು. ಇದ್ರೆ ಅವತ್ತೇ ವಾಪಸ್ ಕೊಟ್ಟು ಬೇರೆ ತೆಗೊ, ಗಂಟೆ ಲೆಕ್ಕದ ಬಾಡಿಗೆಯಾದ್ರೆ ಕೆಲವು ರೂಪಾಯಿ ಹೋಗುದು ಅಷ್ಟೇ.

ಕೊನೆಗೆ ಒಬ್ರು ಹಿರಿಯರು ಎದ್ದು ಕೇಳಿದ್ದು, ಆ ದುಬೈ ಆರ್ಡರ್ ಎಂತ ಆಯ್ತು ಅಂತ. ಅದು ಹೋಯ್ತು, ನಾವು ಮೇಲ್ ಸರಿ ಮಾಡಿ ಮುಗಿಸುವಾಗ ಆ ಪಾರ್ಟಿ ಬೇರೆ ಕಡೆ ತೆಗೊಂಡಾಗಿತ್ತು. ಇವ್ರು ಮೇಲನ್ನ ಬೇರೆ ಕಡೆಗೆ ಬದಲಿಸಿದ್ರು, ಡಿಕಿಮ್ ಡಿಮಾರ್ಕ್ ಎಲ್ಲ ಹಾಕಿ ಆಯ್ತು. ಈಗ ಮೇಲರ್ ಡೀಮನ್ ಬಂದ್ರೆ ಆ ಹುಡುಗಿ ಮೊದಲು 5ಆ 4ಆ ಅಂತ ನೋಡಿ, ಸ್ಕ್ರೀನಿನ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡ್ತಾಳೆ.